ತಂಪು ಪೆಟ್ಟಿಯಲ್ಲಿ ಗಿಣ್ಣು

ಪ್ರೇಮ್‌ಕುಮಾರನ ಟ್ರೇಲರಿನಲ್ಲಿದ್ದ ಫ್ರಿಜ್ಜು ನನ್ನ ಮೊಣಕಾಲಿಗಿಂತ ತುಸು ಎತ್ತರ. ನಾಲ್ಕು ಬಾಟಲಿ ನೀರು, ಒಂದಿಷ್ಟು ಹಾಲು, ಮೊಟ್ಟೆ ಇಟ್ಟರೆ ತುಂಬಿಹೋಗುತ್ತದೆ. ಮೇಘಮಲೆಗೂ ಸುರುಳಿ ಜಲಪಾತಕ್ಕೂ ಬರುವ ಪ್ರವಾಸಿಗರನ್ನು ಅವನು ಜೀಪಿನ ಹಿಂದೆ ಆ ಟ್ರೇಲರು ಕಟ್ಟಿಕೊಂಡು ಸುತ್ತಿಸುತ್ತಾನೆ. ಒಳಗೆ ಎರಡು ಹಾಸಿಗೆ, ಒಂದು ಗ್ಯಾಸ್ ಒಲೆ, ಈ ಫ್ರಿಜ್ಜು. ಮನೆಯಲ್ಲಿ ನಾವು ಟ್ರೇಲರಿಗೆ ವಂಡಿ ಎನ್ನುತ್ತೇವೆ, ಫ್ರಿಜ್ಜಿಗೆ ಪೆಟ್ಟಿ.

ಆ ಬುಧವಾರ ಬೆಳಿಗ್ಗೆಯೇ ಅವನು ಕಾಮಯಗೌಂಡನ್‌ಪಟ್ಟಿಯ ಮನೆಯಂಗಳದಲ್ಲಿ ವಂಡಿಯನ್ನು ನಿಲ್ಲಿಸಿ, ಒಂದು ಚಕ್ರದ ಕೆಳಗೆ ಹಲಗೆ ಕೊಟ್ಟು ಮಟ್ಟಸ ಮಾಡಿ, ಪೆಟ್ಟಿಯನ್ನು ಮನೆಯ ಕರೆಂಟಿಗೆ ಸಿಕ್ಕಿಸಿದ್ದ. ನಾನು ನೋಡುತ್ತಾ ನಿಂತಿದ್ದೆ.

"ನಾಳೆ ತಾನೇ ಹೊರಡೋದು, ಇವತ್ತೇ ಯಾತಕ್ಕೆ?" ಎಂದೆ.

"ಒಂದು ದಿನ ಮುಂಚೆನೇ ಒಳಗೆಲ್ಲ ತಂಪಾಗ್ಬೇಕು ದೊಡ್ಡವ್ವ. ದಾರೀಲಿ ಜೀಪಿನ ಬ್ಯಾಟರೀಲಿ ಓಡ್ತದಲ್ಲ, ಆಗ ಇದು ಹೊಸದಾಗಿ ತಂಪು ಮಾಡಲ್ಲ. ಇರೋ ತಂಪನ್ನ ಕಾಪಾಡ್ತದೆ, ಅಷ್ಟೇ. ನಮ್ಮಂಥ ವಯಸ್ಸಾದೋರ ಹಂಗೆ."

"ನಿಂಗೆ ನಲವತ್ತಾಗ್ಲಿಲ್ಲ, ವಯಸ್ಸಾದೋನು."

ಅವನು ನಕ್ಕ. ತಾಯಿ ಆಸ್ಪತ್ರೆ ಸೇರಿದ ಮೇಲೆ ಅವನು ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು.

ಅವನ ತಾಯಿ ಪೊನ್ನುತಾಯಿ ನನ್ನ ತಂಗಿ. ಅವಳ ರಕ್ತದ ಕಾಯಿಲೆಗೆ ಉಳಿದಿದ್ದದ್ದು ಒಂದೇ ಔಷಧಿ. ಒಂದು ಟ್ರಸ್ಟಿಗೆ ಅರ್ಜಿ ಬರೆದು ಏಳು ತಿಂಗಳು ಕಾದ ಮೇಲೆ ಅದು ಅವಳ ಹೆಸರಿಗೆ, ಅವಳ ಮನೆಯ ವಿಳಾಸಕ್ಕೆ ಬಂತು. ಆದರೆ ಬರುವ ಐದು ದಿನ ಮುಂಚೆಯೇ ಅವಳನ್ನು ದಿಂಡಿಗಲ್ಲಿನ ಆಸ್ಪತ್ರೆಗೆ ಸೇರಿಸಿ ಆಗಿತ್ತು. ನನ್ನ ಹೆಬ್ಬೆರಳಿನಷ್ಟು ಗಾತ್ರದ ಗಾಜಿನ ಸೀಸೆ. ಎರಡು ಡಿಗ್ರಿಯಿಂದ ಎಂಟು ಡಿಗ್ರಿಯ ಒಳಗೆ ಇಡಬೇಕು; ಹೊರಡುವವರೆಗೆ ಊರಿನ ಔಷಧಿ ಅಂಗಡಿಯ ಫ್ರಿಜ್ಜಿನಲ್ಲಿ ಇರಿಸಿದ್ದೆವು. ಎಂಟು ದಾಟಿ ಹೊತ್ತು ಕಳೆದರೂ ಕೆಟ್ಟಿತು, ಐಸಿಗೆ ತಾಗಿ ಹೆಪ್ಪುಗಟ್ಟಿದರೂ ಕೆಟ್ಟಿತು. ಸೀಸೆಯ ಮೇಲೆ ಒಂದು ಬಿಳಿ ಚುಕ್ಕೆ ಅಂಟಿಸಿದ್ದರು. ಔಷಧಿಗೆ ಶಾಖ ಹತ್ತಿದರೆ ಚುಕ್ಕೆಯ ಬಣ್ಣ ತಿರುಗುತ್ತದೆ, ತಿರುಗಿದ್ದು ಮತ್ತೆ ಬಿಳಿಯಾಗುವುದಿಲ್ಲ. ಜೊತೆಗಿದ್ದ ಕಾಗದವನ್ನು ನಾನು ಮೂರು ಸಲ ಓದಿದೆ. ಕೆಟ್ಟ ಸೀಸೆಗೆ ಬದಲು ಸೀಸೆ ಕೊಡುವುದಿಲ್ಲ, ಹೊಸದಾಗಿ ಅರ್ಜಿ ಹಾಕಬೇಕು ಎಂದು ಕೊನೆಯ ಸಾಲಿನಲ್ಲಿತ್ತು.

ಗುರುವಾರ ಸಂಜೆಯೊಳಗೆ ಹಾಕಲೇಬೇಕು ಎಂದು ಡಾಕ್ಟರು ಹೇಳಿದ್ದರು. ಹಾಕಿದರೆ ಒಂದು ವರ್ಷವೋ ಎರಡು ವರ್ಷವೋ ಸಿಕ್ಕೀತು. ಹಾಕದಿದ್ದರೆ ಎಂದು ಕೇಳಿದ್ದಕ್ಕೆ, ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ, ಕ್ಯಾಪು ಹಾಕಿ, ಜೇಬಿಗಿಟ್ಟುಕೊಂಡರು.

ಗುರುವಾರ ಒಂಬತ್ತಕ್ಕೆ ಹೊರಟೆವು. ಪೆಟ್ಟಿಯೊಳಗೆ ಔಷಧಿಯ ರಟ್ಟಿನ ಡಬ್ಬಿ, ತಂಪು ಹಿಡಿದಿಡಲು ಎರಡು ಬಾಟಲಿ ತಣ್ಣೀರು, ಬೇರೆ ಏನೂ ಇಲ್ಲ. ಪೆಟ್ಟಿಯೊಳಗಿನ ಶಾಖ ಎಷ್ಟೆಂದು ಜೀಪಿನಲ್ಲೇ ಕಾಣುವಂತೆ ಪ್ರೇಮ್‌ಕುಮಾರ ಒಂದು ಪುಟ್ಟ ಮೀಟರನ್ನು ಸ್ಟಿಯರಿಂಗಿನ ಪಕ್ಕ ಅಂಟಿಸಿದ್ದ. ಐದು ಎಂದು ತೋರಿಸುತ್ತಿತ್ತು.

"ಬಾಗಿಲು ತೆಗೆಯೋ ಹಂಗಿಲ್ಲ, ಎಲ್ಲೂ ನಿಲ್ಸೋ ಹಂಗಿಲ್ಲ," ಎಂದ. "ನಿಂಗೆ ಕಾಫಿ ಬೇಕಂದ್ರೂ ದಿಂಡಿಗಲ್ಲೇ."

"ನಾನು ಕಾಫಿ ಕುಡ್ದೇ ಬಂದೆ. ನಿನ್ನ ಹೆಂಡ್ತಿ ಇಲ್ಲದ ಮನೇಲಿ ನನ್ನ ಕಾಫಿ ನಾನೇ ಮಾಡ್ಕೊಬೇಕು."

ಅವನ ಹೆಂಡತಿ ಅಮುದಾ ಹತ್ತು ದಿನದಿಂದ ಆಸ್ಪತ್ರೆಯಲ್ಲೇ ಅತ್ತೆಯ ಮಂಚದ ಕೆಳಗೆ ಮಲಗುತ್ತಿದ್ದಳು.

ಉತ್ತಮಪಾಳಯಂ ಬರುವವರೆಗೆ ಮೀಟರು ಐದರಲ್ಲೇ ಇತ್ತು. ಊರು ಶುರುವಾಗುವಲ್ಲಿ, ಬಾಳೆತೋಟದ ಬೇಲಿಯ ಪಕ್ಕ, ಬಿಳಿ ಟವೆಲು ಬೀಸುತ್ತಾ ಒಬ್ಬರು ನಿಂತಿದ್ದರು. ದೂರದಿಂದಲೇ ಗುರುತು ಸಿಕ್ಕಿತು. ನಮ್ಮ ದೊಡ್ಡಣ್ಣ ಕರುಪ್ಪಯ್ಯ. ನಾನೂ ಪೊನ್ನುತಾಯಿಯೂ ಹುಟ್ಟಿದ ಮನೆಯಲ್ಲಿ ಈಗ ಇರುವುದು ಅವನೇ, ವಯಸ್ಸು ಎಂಬತ್ತೆರಡು.

ಪ್ರೇಮ್‌ಕುಮಾರ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅವನೇ ಬ್ರೇಕು ಒತ್ತಿದ.

"ಅಣ್ಣಾ, ಈ ಬಿಸಿಲಾಗೆ ಯಾಕೆ ನಿಂತಿದ್ದೀಯ?" ಎಂದು ಇಳಿದೆ.

"ನಿಂತಿದ್ರೆ ತಾನೇ ನೀವು ನಿಲ್ಲೋದು. ಕೂತಿದ್ರೆ ಪೀಂ ಅಂತ ಓಗ್ಬುಡ್ತೀರಿ." ಅವನು ಬೇಲಿಯ ನೆರಳಿನಲ್ಲಿಟ್ಟಿದ್ದ ಹಿತ್ತಾಳೆಯ ತೂಕ್ಕುಪಾತ್ರೆಯನ್ನು ಹಿಡಿಯಿಂದ ಎತ್ತಿಕೊಂಡ. ಬಾಯಿಗೆ ಬಾಳೆಯೆಲೆ ಕಟ್ಟಿತ್ತು. "ಸೆವಲೆ ಈದಿದೆ. ಕಾಲೈಲೇ, ನಾಲ್ಕು ಗಂಟೆಗೆ. ಹೆಣ್ಗರ."

ಸೆವಲೆ ಎಂದರೆ ಅವನ ಕೆಂದು ಹಸು, ಕಾಲೈ ಎಂದರೆ ಬೆಳಿಗ್ಗೆ. ಪಾತ್ರೆಯಲ್ಲಿದ್ದದ್ದು ಗಿಣ್ಣು.

ಇದನ್ನು ಓದುವ ಕರ್ನಾಟಕದವರಿಗೆ ಗಿಣ್ಣು ಗೊತ್ತು, ತಮಿಳುನಾಡಿನಲ್ಲಿ ಬೇರೂರಿದ ಕನ್ನಡದವರಾದ ನಮ್ಮ ಪದ್ಧತಿ ಗೊತ್ತಿರಲಿಕ್ಕಿಲ್ಲ. ನಮ್ಮ ಮನೆತನದಲ್ಲಿ ಹಸು ಈದರೆ ಮೊದಲ ಗಿಣ್ಣು ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ. ಅವರನ್ನು ಎಲ್ಲಿಗೆ ಕೊಟ್ಟಿದ್ದರೂ ಅಲ್ಲಿಗೆ ಕಳಿಸಬೇಕು, ಅವರು ತಿಂದ ಸುದ್ದಿ ಬರುವವರೆಗೆ ಮನೆಯ ಗಂಡಸರು ಬಾಯಿಗಿಡುವುದಿಲ್ಲ. ತಿಂದವಳು ಪಾತ್ರೆ ತೊಳೆದು, ಒಳಗೆ ಒಂದು ಬೆಲ್ಲದ ತುಂಡು ಹಾಕಿ ವಾಪಸು ಕಳಿಸುತ್ತಾಳೆ. ನಾನು ಹನ್ನೊಂದು ವರ್ಷದವಳಿದ್ದಾಗ ಓಡೈಪಟ್ಟಿಯ ನಮ್ಮ ಸೋದರತ್ತೆಗೆ ಕಳಿಸಿದ ಗಿಣ್ಣು, ಎಲೆ ಕಟ್ಟಿದ್ದು ಕಟ್ಟಿದ ಹಾಗೇ ಮರಳಿ ಬಂತು. ತಂದವನು ಅದನ್ನು ಹೊಸ್ತಿಲ ಮೇಲೆ ಇಟ್ಟ. ಅಪ್ಪ ಪಾತ್ರೆಯನ್ನು ನೋಡಿ ಟವೆಲಿನಿಂದ ಮುಖ ಮುಚ್ಚಿಕೊಂಡದ್ದು ನನಗೆ ಈಗಲೂ ನೆನಪಿದೆ. ತಿನ್ನುವವಳು ಇಲ್ಲ ಎಂದಾದಾಗ ಮಾತ್ರ ಗಿಣ್ಣು ಬೇಡ ಎನ್ನುವುದು.

ಪಾತ್ರೆಯನ್ನು ಮುಟ್ಟಿದೆ. ಬಿಸಿ.

"ಬಿಸಿ ಐತಲ್ಲಣ್ಣಾ."

"ಈಗ ತಾನೇ ಆವಿಯಿಂದ ಇಳಿಸ್ದೆ. ನಿಮ್ಮ ವಂಡೀಲಿ ಪೆಟ್ಟಿ ಐತಂತಲ್ಲ. ಇಲ್ಲಾಂದ್ರೆ ಈ ಬಿಸಿಲಿಗೆ ದಿಂಡಿಗಲ್ ಸೇರೋಷ್ಟ್ರಲ್ಲಿ ಹುಳಿಯಾಗೋದು. ಪೆಟ್ಟಿ ಇರೋದ್ ನೆನ್ಸ್ಕೊಂಡೇ ಮಾಡ್ದೆ ನೋಡು."

"ಪೆಟ್ಟೀಲಿ ಅವಳ ಮರುಂದು ಐತೆ. ಬಿಸಿ ಇಟ್ರೆ..."

"ಬಿಸಿ ಇರೋದಕ್ಕೆ ತಾನೇ ಪೆಟ್ಟಿ ಬೇಕು? ತಂಪಾಗಿರೋದನ್ನ ತಂಪು ಮಾಡಾಕೆ ಪೆಟ್ಟಿ ಯಾತಕ್ಕೆ? ಬಿ.ಎಸ್ಸಿ. ಓದಿದೋಳು ನೀನು, ನೀನೇ ಹೇಳು."

ನಾನು ಮದುರೆಯ ಕಾಲೇಜಿನಲ್ಲಿ ಭೌತಶಾಸ್ತ್ರವನ್ನೇ ಓದಿದವಳು. ಬಿಸಿಯೂ ತಂಪೂ ಒಂದು ಕಡೆ ಕೂತರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪ್ರೇಮ್‌ಕುಮಾರ ಜೀಪಿಗೂ ವಂಡಿಗೂ ಮಧ್ಯದ ಕೊಂಡಿಯ ಬಳಿ ಬಗ್ಗಿ, ಬ್ಯಾಟರಿಯ ವೈರು ಸರಿಯಾಗಿದೆಯೇ ಎಂದು ನೋಡುತ್ತಿದ್ದ. ಅಷ್ಟರಲ್ಲಿ ಅಮುದಾಳ ಫೋನು ಬಂತು, ಅವನು ಮಾತಾಡುತ್ತಾ ರಸ್ತೆಯ ಆಚೆಗೆ ನೆರಳಿಗೆ ಹೋದ.

ನಾನು ಇನ್ನೂ ಪಾತ್ರೆ ತೆಗೆದುಕೊಂಡಿರಲಿಲ್ಲ. ಅಣ್ಣ ದನಿ ತಗ್ಗಿಸಿ, ಚಿಕ್ಕಂದಿನಂತೆ ನನ್ನ ಹೆಸರು ಹಿಡಿದು ಕೇಳಿದ.

"ಬ್ಯಾಡ ಅಂತೀಯಾ, ರಂಗಾ?"

ಪಾತ್ರೆಯನ್ನು ಎರಡೂ ಕೈಯಿಂದ ನನ್ನ ಕಡೆ ಚಾಚಿದ.

"ಬ್ಯಾಡ ಅಂದ್ನಾ ನಾನು? ಕೊಡಿಲ್ಲಿ," ಎಂದೆ.

ಅವನು ನನ್ನ ಹಿಂದೆಯೇ ವಂಡಿಯ ಮೆಟ್ಟಿಲವರೆಗೆ ಬಂದು ನಿಂತ. ನಾನು ಪೆಟ್ಟಿಯ ಬಾಗಿಲು ತೆಗೆದೆ. ತಣ್ಣನೆ ಗಾಳಿ ನನ್ನ ಪಾದದ ಮೇಲೆ ಬಿತ್ತು. ಔಷಧಿಯ ಡಬ್ಬಿಯನ್ನು ಹಿಂದಕ್ಕೆ ಸರಿಸಿ, ಪಾತ್ರೆಗೆ ನನ್ನ ಸೆರಗಿನಷ್ಟು ದಪ್ಪದ ಒಂದು ಬಟ್ಟೆ ಸುತ್ತಿ, ಮುಂದೆ ಇಟ್ಟೆ. ಒಂದು ತೂಕ್ಕು ತಾನೇ, ನೀರಿನ ಬಾಟಲಿಗಳು ಇವೆಯಲ್ಲ, ಎಂದು ನನಗೆ ನಾನೇ ಹೇಳಿಕೊಂಡೆ. ಬಾಗಿಲು ಮುಚ್ಚಿದೆ. ಅಣ್ಣ ಮಗುವಿನ ತೊಟ್ಟಿಲು ತೂಗಿದವನ ಹಾಗೆ ಪೆಟ್ಟಿಯನ್ನು ಒಮ್ಮೆ ಸವರಿದ.

"ಏಲಕ್ಕಿ ಹಾಕಿದ್ದೀನಿ ಅಂತ ಹೇಳು ಅವಳಿಗೆ."

ಪಾತ್ರೆಯನ್ನು ತೆಗೆದುಕೊಂಡು, ಪೆಟ್ಟಿಯಲ್ಲಿಡುತ್ತೇನೆ ಎಂದು ಹೇಳಿ, ಜೀಪಿನಲ್ಲಿ ನನ್ನ ಕಾಲಬುಡದಲ್ಲಿ ಇಟ್ಟುಕೊಳ್ಳಬಹುದಿತ್ತು. ಅಣ್ಣನನ್ನು ಮೆಟ್ಟಿಲವರೆಗೆ ಬಿಡದೆ ಇರಬಹುದಿತ್ತು. ಇದು ನನಗೆ ಹೊಳೆದದ್ದು ತೇನಿಯ ಹತ್ತಿರ. ಅಷ್ಟು ಸಣ್ಣ ಸುಳ್ಳು ಆ ಹೊತ್ತಿಗೆ ನನ್ನ ಬಾಯಿಗೆ ಬರಲಿಲ್ಲ.

ಚಿನ್ನಮನೂರಿನಲ್ಲಿ ಮೀಟರು ಏಳು ತೋರಿಸಿತು. ನಾನು ಕಿಟಕಿಯ ಹೊರಗೆ ದ್ರಾಕ್ಷಿಯ ಚಪ್ಪರಗಳನ್ನು ನೋಡುತ್ತಾ ಕೂತೆ. ಎಂಟಾಯಿತು. ಪ್ರೇಮ್‌ಕುಮಾರ ಮೀಟರನ್ನು ಬೆರಳಿನಿಂದ ತಟ್ಟಿದ. ಒಂಬತ್ತಾಯಿತು.

"ಬಾಗಿಲು ಸರಿಯಾಗಿ ಮುಚ್ಕೊಂಡಿಲ್ವೋ ಏನೋ," ಎಂದ.

ನಾನು ಹೇಳಬೇಕಾಗಿತ್ತು. ಬಾಯಿ ತೆರೆದೆ. ಮುಂದೆ ಕಬ್ಬಿನ ಲಾರಿಯೊಂದು ಅಡ್ಡ ಬಂತು, ಅವನು ಅದನ್ನು ಬೈದ, ಆ ಹೊತ್ತು ಕಳೆದುಹೋಯಿತು.

ತೇನಿಯ ರೈಲ್ವೆ ಗೇಟು ಹಾಕಿತ್ತು. ನಮ್ಮ ಮುಂದೆ ಎರಡು ಬಸ್ಸು, ಹಿಂದೆ ಎಷ್ಟೋ ವಾಹನ. ಮೀಟರಿನಲ್ಲಿ ಹನ್ನೆರಡು. ಅವನು ಎಂಜಿನ್ನು ಆರಿಸದೆಯೇ ಇಳಿದು ವಂಡಿಯ ಕಡೆ ಓಡಿದ. ನಾನು ಹಿಂದೆ ಹೋಗುವಷ್ಟರಲ್ಲಿ ಅವನು ಪೆಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಬಾಗಿಲು ತೆಗೆದು, ತೂಕ್ಕುಪಾತ್ರೆಯ ಹೊಟ್ಟೆಗೆ ಅಂಗೈ ಒತ್ತಿ ನೋಡುತ್ತಿದ್ದ. ಇನ್ನೂ ಬೆಚ್ಚಗಿತ್ತು ಎಂದು ಅವನ ಬೆನ್ನಿನಲ್ಲೇ ಗೊತ್ತಾಯಿತು.

"ನಾನೇ ಇಟ್ಟೆ ಕಣಪ್ಪ," ಎಂದೆ.

ಅವನು ತಿರುಗಲಿಲ್ಲ.

"ಮಾವ ನಿಂತಿದ್ದನ್ನ ನಾನೂ ನೋಡ್ದೆ ದೊಡ್ಡವ್ವ," ಎಂದ. "ಬ್ರೇಕ್ ಹಾಕಿದ್ದು ನಾನೇ ತಾನೇ."

ಪಾತ್ರೆಯನ್ನು ತೆಗೆದು ನನ್ನ ಕೈಗೆ ಕೊಟ್ಟ. ಔಷಧಿಯ ಡಬ್ಬಿಯನ್ನು ಎತ್ತಿದ. ತೆರೆಯುತ್ತಾನೆ, ಚುಕ್ಕೆ ನೋಡುತ್ತಾನೆ ಎಂದುಕೊಂಡೆ. ಅವನು ಅದನ್ನು ಹಾಗೇ ಹಿಡಿದುಕೊಂಡಿದ್ದು, ತೆರೆಯದೆಯೇ ಹಿಂದಿಟ್ಟ.

"ನೋಡೋದು ಬ್ಯಾಡ. ನೋಡೋರು ಅಲ್ಲೇ ನೋಡ್ಲಿ."

ಗೇಟಿನ ಪಕ್ಕ ಒಬ್ಬ ಹೆಂಗಸು ಬುಟ್ಟಿಯಲ್ಲಿ ವೈಗೈ ಅಣೆಕಟ್ಟಿನ ಮೀನು ಇಟ್ಟುಕೊಂಡು ಕೂತಿದ್ದಳು. ಪ್ರೇಮ್‌ಕುಮಾರ ಅವಳ ಬಳಿ ಹೋಗಿ ತಮಿಳಿನಲ್ಲಿ ಐಸು ಕೇಳಿದ. ಆಸ್ಪತ್ರೆಯ ಔಷಧಿ, ಅಮ್ಮನಿಗೆ, ಎಂದ. ಅವಳು ಎಷ್ಟು ಎಂದು ಕೇಳಲಿಲ್ಲ. ಮೀನಿನ ಮೇಲಿನ ಗೋಣಿ ಸರಿಸಿ, ಮರದ ಕೊಡತಿಯಿಂದ ಐಸಿನ ಗಡ್ಡೆ ಒಡೆದು, ತಲೆಗೆ ಸುತ್ತಿದ್ದ ಟವೆಲನ್ನೇ ಬಿಚ್ಚಿ ಅದರಲ್ಲಿ ಕಟ್ಟಿಕೊಟ್ಟಳು.

"ಮೀನ್ ವಾಸನೆ ಹೊಡೀತದೆ, ಪರವಾಯಿಲ್ಲೆಯಾ?" ಎಂದಳು.

"ನಿಮ್ ತಲೆಗೆ ಬಿಸಿಲು?" ಎಂದೆ ನಾನು.

"ನನ್ ತಲೆ ಕೆಟ್ಟು ಹೋಗಾಕೆ ಇನ್ನೇನೈತೆ ಪಾಟ್ಟಿ," ಎಂದು ನಕ್ಕಳು. ನನ್ನ ಕೈಯಲ್ಲಿದ್ದ ಪಾತ್ರೆಯನ್ನು ಮೂಸಿದಳು; ಗಿಣ್ಣಿಗೆ ತಮಿಳಿನಲ್ಲಿ ಸೀಂಪಾಲು. "ಸೀಂಪಾಲಾ? ಹಿಂಗೇ ಹಿಡ್ಕೊಂಡ್ ಹೋದ್ರೆ ಹುಳಿಯಾಗ್ತದೆ." ಮತ್ತೊಂದು ಗಡ್ಡೆ ಒಡೆದು, ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನನ್ನ ಪಾತ್ರೆಯನ್ನು ಅದರೊಳಗೆ ಇಳಿಸಿ ಬಾಯಿ ಕಟ್ಟಿದಳು. ಹೆಸರು ಕೇಳಿದೆ. ತಮಿಳರಸಿ ಎಂದಳು. ಅಷ್ಟರಲ್ಲಿ ರೈಲು ಹೋಯಿತು, ಗೇಟು ಎತ್ತಿದರು, ಹಿಂದಿನವರು ಹಾರನ್ನು ಹೊಡೆಯತೊಡಗಿದರು.

ಐಸು ಡಬ್ಬಿಗೆ ತಾಗದ ಹಾಗೆ ಮಧ್ಯೆ ನೀರಿನ ಬಾಟಲಿಗಳನ್ನು ನಿಲ್ಲಿಸಿದೆವು. ಪೆರಿಯಕುಳಂನಲ್ಲಿ ಮೀಟರು ಹತ್ತಕ್ಕೆ ಇಳಿಯಿತು. ವತ್ತಲಗುಂಡಿನಲ್ಲಿ ಎಂಟು. ಪ್ರೇಮ್‌ಕುಮಾರ ಮೀಟರನ್ನು ನೋಡುವುದು ಬಿಟ್ಟಿದ್ದ, ನಾನು ನೋಡುತ್ತಿದ್ದೆ. ದಿಂಡಿಗಲ್ಲಿನ ಬಂಡೆ ಕಾಣುವ ಹೊತ್ತಿಗೆ ಆರು. ಆ ಆರನ್ನು ನೋಡಿ ನನಗೆ ಒಂದು ಕ್ಷಣ ಸಂತೋಷವೇ ಆಯಿತು. ಡಾಕ್ಟರಿಗೆ ಈ ಮೀಟರು ತೋರಿಸಿದರೆ ಸಾಕಲ್ಲವೇ ಎನ್ನಿಸಿತು. ಎಪ್ಪತ್ತೊಂದು ವರ್ಷದವಳಿಗೂ ಹಾಗೆ ಅನ್ನಿಸುತ್ತದೆ.

ನರ್ಸಿನ ಹೆಸರು ಸುಗನ್ಯಾ, ಎಳೆಯ ಹುಡುಗಿ. ಕೈ ಒರೆಸಿಕೊಂಡು ಡಬ್ಬಿ ತೆರೆದಳು. ಸೀಸೆಯನ್ನು ಮೊದಲು ಟ್ಯೂಬ್‌ಲೈಟಿಗೆ ಹಿಡಿದಳು. ಆಮೇಲೆ ಕಿಟಕಿಯ ಬಳಿ ಹೋಗಿ ಬಿಸಿಲಿನ ಬೆಳಕಿಗೆ ಹಿಡಿದಳು. ಚುಕ್ಕೆ ಒಣಗಿದ ಚಹಾದ ಕಲೆಯ ಬಣ್ಣಕ್ಕೆ ತಿರುಗಿತ್ತು. ಕನ್ನಡಕ ಹಾಕದೆಯೂ ನನಗೆ ಕಂಡಿತು.

ಡಾಕ್ಟರಿಗೆ ಫೋನು ಮಾಡಿದಳು. "ಸರಿ ಸರ್," ಎಂದು ಮೂರು ಸಲ ಹೇಳಿದಳು. ಹಾಕುವಂತಿಲ್ಲ.

"ದಾರಿಯಲ್ಲಿ ಏನಾಯಿತು ಎಂದು ಬರೆಯಬೇಕು," ಎಂದು ತಮಿಳಿನಲ್ಲಿ ಮೆತ್ತಗೆ ಹೇಳಿದಳು.

ನಾನು ಹೇಳಲು ಹೊರಟೆ. ಪ್ರೇಮ್‌ಕುಮಾರ ನನಗಿಂತ ಮುಂಚೆ ಹೇಳಿದ.

"ಬ್ಯಾಟರಿಯ ವೈರು ಸಡಿಲವಾಗಿತ್ತು ಸಿಸ್ಟರ್. ನನ್ನ ವಂಡಿ. ಹೊರಡುವ ಮುಂಚೆ ನಾನು ನೋಡಿಕೊಳ್ಳಬೇಕಿತ್ತು."

ಅವಳು ಬರೆದುಕೊಂಡಳು. ಆ ಪೆಟ್ಟಿಯನ್ನು ಅವನು ಹಿಂದಿನ ದಿನ ಬೆಳಿಗ್ಗೆಯಿಂದ ಹೇಗೆ ಕಾದಿದ್ದನೆಂದು ನಾನು ಕಂಡಿದ್ದೆ. ಅವನ ತೋಳನ್ನು ಹಿಡಿದುಕೊಂಡೆ. ಅವನು ಬಿಡಿಸಿಕೊಳ್ಳಲಿಲ್ಲ.

"ಮತ್ತೆ ಅರ್ಜಿ ಹಾಕಬಹುದು," ಎಂದಳು ಸುಗನ್ಯಾ. ಅಂದರೆ ಮತ್ತೆ ಏಳು ತಿಂಗಳು. ಸೀಸೆಯನ್ನು ನಮ್ಮೆದುರು ಬುಟ್ಟಿಗೆ ಎಸೆಯಲಿಲ್ಲ. ಮೊದಲಿದ್ದ ಹಾಗೆಯೇ ಹತ್ತಿಯ ಮಧ್ಯೆ ಮಲಗಿಸಿ, ಡಬ್ಬಿಯ ಮುಚ್ಚಳ ಮುಚ್ಚಿ, ಎರಡೂ ಕೈಯಲ್ಲಿ ಒಳಗೆ ತೆಗೆದುಕೊಂಡು ಹೋದಳು.

ಪೊನ್ನುತಾಯಿ ಎಚ್ಚರವಾಗಿಯೇ ಇದ್ದಳು. ಮಂಚದ ಮೇಲೆ ಅವಳು ಎಷ್ಟು ಸಣ್ಣಗೆ ಕಂಡಳೆಂದರೆ ಹೊದಿಕೆಯಲ್ಲೇ ಹುಡುಕಬೇಕಿತ್ತು. ಅಮುದಾ ಗಂಡನ ಮುಖ ನೋಡಿ, ನೀರಿನ ಜಗ್ಗು ತೆಗೆದುಕೊಂಡು ಹೊರಗೆ ಹೋದಳು. ಜಗ್ಗು ತುಂಬಿತ್ತು.

"ಮರುಂದು ಬಂತಾ ಅಕ್ಕಾ?"

"ಬಂತು. ಡಾಕ್ಟ್ರು ಬರ್ಬೇಕು," ಎಂದೆ. ಬೆಳಿಗ್ಗೆ ಬಾರದ ಸುಳ್ಳು ಈಗ ತಾನಾಗಿ ಬಂತು. "ಅಣ್ಣ ಏನ್ ಕಳ್ಸವ್ನೆ ನೋಡು."

ಚೀಲದೊಳಗೆ ಐಸು ಕರಗಿ ನೀರಾಗಿತ್ತು. ಪಾತ್ರೆ ತಣ್ಣಗಿತ್ತು. ಎಲೆ ಬಿಚ್ಚಿದೆ. ಗಿಣ್ಣು ಅಲುಗದೆ ಗಟ್ಟಿಯಾಗಿ, ಬೆಲ್ಲದ ಕೆಂಪಿನಲ್ಲಿ, ಹೊಳೆಯುತ್ತಾ ಕೂತಿತ್ತು.

"ಸೆವಲೆ ಈಯ್ತಾ?" ಅವಳ ಕಣ್ಣು ಅಗಲವಾಯಿತು.

"ಹೆಣ್ಗರ."

ಒಂದು ಚಮಚ ತಿಂದಳು. ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡಳು. ಎರಡನೆಯದನ್ನೂ ತಿಂದಳು. ಮೂರನೆಯದಕ್ಕೆ ಕೈ ಅಡ್ಡ ಹಿಡಿದಳು.

"ಏಲಕ್ಕಿ ಜಾಸ್ತಿ ಸುರ್ದವ್ನೆ," ಎಂದಳು. "ಅತ್ತಿಗೆ ತೀರೋದ್ಮೇಲೆ ಅವನ ಕೈಗೆ ಅಳತೆ ಯಾರು ಹೇಳ್ಬೇಕು."

"ತಪ್ಪು ಹುಡುಕಾಕೆ ಮಾತ್ರ ನಿಂಗೆ ಬಲ ಐತೆ."

"ತಣ್ಣಗೈತಕ್ಕಾ. ಬಾಯಿಗೆ ಹಿತವಾಗೈತೆ." ಕಣ್ಣು ಮುಚ್ಚಿದಳು. "ಪ್ರೇಮ್‌ನ ಪೆಟ್ಟೀಲಿ ಇಟ್ಟಿದ್ರಾ?"

"ಹೂಂ."

ಪ್ರೇಮ್‌ಕುಮಾರ ಮಂಚದ ಕಾಲ ಕಡೆ ನಿಂತಿದ್ದ. ಅವಳು ಕಣ್ಣು ಮುಚ್ಚಿಕೊಂಡೇ ಕೈಚಾಚಿ ಅವನನ್ನು ಹುಡುಕಿದಳು. ಅವನು ಹೋಗಿ ಆ ಕೈಯಡಿ ತನ್ನ ಕೈ ಇಟ್ಟ.

ನಾಲ್ಕು ಗಂಟೆಗೆ ಅಣ್ಣನ ಫೋನು ಬಂತು. ನಾನು ವರಾಂಡದ ತುದಿಗೆ ಹೋಗಿ ಮಾತಾಡಿದೆ.

"ತಿಂದ್ಲಾ?"

"ತಿಂದ್ಲು ಅಣ್ಣಾ. ಎರಡು ಚಮಚ."

"ತಣ್ಣಗಿತ್ತಾ?"

"ತಣ್ಣಗಿತ್ತು."

"ನಾನೇಳ್ಲಿಲ್ವಾ," ಎಂದ. ಅವನ ದನಿಯಲ್ಲಿ ಎಷ್ಟೋ ದಿನದ ಮೇಲೆ ಒಂದು ಗೆಲುವು ಇತ್ತು. "ನೀನೊಬ್ಳು, ಬಿಸಿ ಬಿಸಿ ಅಂತ ಎದುರ್ಕೊಂಡೆ. ಸರಿ, ಮರುಂದು ಹಾಕಿದ್ರಾ?"

ವರಾಂಡದ ಕೆಳಗೆ ವಂಡಿ ನಿಂತಿತ್ತು. ಅದರ ಬಾಗಿಲು ತೆರೆದಿತ್ತು. ಪ್ರೇಮ್‌ಕುಮಾರ ಯಾವಾಗ ಇಳಿದು ಹೋದನೋ, ಒಳಗೆ ಕೂತು, ಮೀನಿನ ವಾಸನೆ ಹೋಗಲೆಂದು ಪೆಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ತಮಿಳರಸಿಯ ಟವೆಲನ್ನು ಒಗೆದು ಜೀಪಿನ ಕನ್ನಡಿಯ ಮೇಲೆ ಒಣಹಾಕಿದ್ದ.

"ಹಾಕ್ತಾರೆ ಅಣ್ಣಾ," ಎಂದೆ.

"ಹಂಗಾದ್ರೆ ನಾನೂ ಒಂದು ಚೂರು ಬಾಯ್ಗಿಟ್ಕೊತೀನಿ. ಕಾಲೈಲಿಂದ ಏನೂ ತಿಂದಿಲ್ಲ."

"ತಿನ್ನು."

ಉಳಿದ ಗಿಣ್ಣನ್ನು ಅಮುದಾಳಿಗೂ, ಪಕ್ಕದ ಮಂಚದವರ ಕಡೆಯವರಿಗೂ, ಸುಗನ್ಯಾಳಿಗೂ ಕೊಟ್ಟೆ. ಸುಗನ್ಯಾ ಮೊದಲು ಬೇಡ ಎಂದು, ಆಮೇಲೆ ನನ್ನ ಮುಖ ನೋಡಿ ತೆಗೆದುಕೊಂಡಳು. ನಲ್ಲಿಯ ಬಳಿ ಪಾತ್ರೆಯನ್ನು ಉಜ್ಜಿ ತೊಳೆದು ಮಗುಚಿ ಇಡಲು ಹೋದವಳು, ಅಪಶಕುನವೆನಿಸಿ ನೆಟ್ಟಗೆ ಇಟ್ಟೆ. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಬೆಲ್ಲ ಇರಲಿಲ್ಲ. ಅಂಗಡಿಯಾಕೆ ತನ್ನ ಮನೆಯೊಳಗೆ ಹೋಗಿ ಡಬ್ಬಿಯಿಂದ ಒಂದು ತುಂಡು ತಂದುಕೊಟ್ಟಳು. ಯಾತಕ್ಕೆ ಎಂದು ಕೇಳಿದಳು.

"ತವರಿಗೆ," ಎಂದೆ.

ಸೆವಲೆ ಇನ್ನು ಈಯುವುದು ಬರುವ ವರ್ಷ. ತುಂಡನ್ನು ಪಾತ್ರೆಯ ತಳದಲ್ಲಿಟ್ಟು, ಇರುವೆ ಹತ್ತದ ಹಾಗೆ ಬಾಯಿಗೆ ಕಾಗದ ಕಟ್ಟಿದೆ.